ಸ್ಟುಡಿಯೋದಲ್ಲಿ ನನ್ನ ಹಿಂದೆ ಸ್ಟಾಫ್ ಇರಲಿಲ್ಲ

2022ರ ಫೆಬ್ರವರಿ 24. ರಷ್ಯಾ ಉಕ್ರೇನ್ ಮೇಲೆ ದಾಳಿ ಶುರುಮಾಡಿದ ದಿನ. ಬೆಳಗ್ಗೆಯಿಂದ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ನಾನು ಸೇನೆಯಿಂದ ನಿವೃತ್ತನಾಗಿ ಆಗಲೇ ಕೆಲವು ವರ್ಷ ಕಳೆದಿತ್ತು. ಆಗೊಮ್ಮೆ ಈಗೊಮ್ಮೆ ಟಿವಿ ಚರ್ಚೆಗೆ ಹೋಗಿ ಬಂದಿದ್ದೆ, ಅಷ್ಟೇ. ಅವತ್ತು ಸಂಜೆ ಒಂದು ಚಾನೆಲ್‌ನ ಸ್ಟುಡಿಯೋದಲ್ಲಿ ಕೂತಿದ್ದೆ. ಹಿಂದೆ ದೊಡ್ಡ ಪರದೆ, ಅದರ ಮೇಲೆ ಉಕ್ರೇನ್ ಮ್ಯಾಪ್. ಉತ್ತರ, ಪೂರ್ವ, ದಕ್ಷಿಣ ಮೂರೂ ಕಡೆಯಿಂದ ದಪ್ಪ ಕೆಂಪು ಬಾಣಗಳು. ನಿರೂಪಕರು ಉಕ್ರೇನ್ ರಾಜಧಾನಿ ಕೀವ್ ಬಗ್ಗೆ ಕೇಳಿದರು: "ಸರ್, ನೀವು ಬ್ರಿಗೇಡ್ ನಡೆಸಿದವರು. ಕೀವ್ ಎಷ್ಟು ದಿನ ತಡೆಯುತ್ತೆ?"

"ಮೂರು ದಿನ. ಜಾಸ್ತಿ ಅಂದ್ರೆ ನಾಲ್ಕು" ಅಂದೆ.

ಸ್ವಲ್ಪವೂ ತಡವರಿಸಲಿಲ್ಲ. ದನಿ ಗಟ್ಟಿಯಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಆದೇಶ ಕೊಟ್ಟು ಪಳಗಿದ ದನಿ ಅದು. ಕೇಳಿದವರಿಗೆ ಅನುಮಾನ ಬರುವ ಹಾಗೇ ಇರಲಿಲ್ಲ.

ರಾತ್ರಿ ಹನ್ನೊಂದು ದಾಟಿದ ಮೇಲೆ ಗೊತ್ತಿಲ್ಲದ ನಂಬರ್‌ನಿಂದ ಫೋನ್ ಬಂತು. ಯಾರ ಯಾರನ್ನೋ ಕೇಳಿ ನನ್ನ ನಂಬರ್ ಪಡೆದಿದ್ದ ಒಬ್ಬ ತಂದೆ. ಅವರ ಮಗಳು ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಳು. "ಸಾರ್, ಟಿವಿಯಲ್ಲಿ ನೀವು ಹೇಳಿದ್ದು ಕೇಳಿದೆ. ನಾಲ್ಕು ದಿನದಲ್ಲಿ ಎಲ್ಲಾ ಮುಗಿಯುತ್ತೆ ಅಂದ್ರಲ್ಲ. ಹಾಗಾದ್ರೆ ಅವಳು ಬಂಕರ್‌ನಲ್ಲೇ ನಾಲ್ಕು ದಿನ ಕೂತಿರಲಾ? ಅಥವಾ ಈಗಲೇ ಹೊರಟು ಬಿಡಲಾ?"

ಕೈಯಲ್ಲಿ ಫೋನ್ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಸ್ಟುಡಿಯೋದಲ್ಲಿ ನಾನು ಆಡಿದ ಮಾತನ್ನು ಒಬ್ಬ ತಂದೆ ತನ್ನ ಮಗಳ ಜೀವದ ಲೆಕ್ಕಕ್ಕೆ ಹಾಕಿಕೊಂಡಿದ್ದರು. ನನ್ನ ಹತ್ತಿರ ಇದ್ದದ್ದಾದರೂ ಏನು? ಒಂದು ಮ್ಯಾಪ್, ಒಂದಷ್ಟು ಬಾಣ, ಎರಡು ಸೇನೆಗಳ ಟ್ಯಾಂಕ್ ಲೆಕ್ಕ. "ನನ್ನ ಮಾತನ್ನು ನಂಬಿ ಏನೂ ನಿರ್ಧಾರ ಮಾಡಬೇಡಿ, ರಾಯಭಾರ ಕಚೇರಿ ಏನು ಹೇಳುತ್ತೋ ಹಾಗೆ ಮಾಡಿ" ಅಂದೆ. ಆಗ ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮತ್ತೆ ಟಿವಿಯಲ್ಲಿ ಅಷ್ಟು ಖಚಿತವಾಗಿ ಹೇಳಿದ್ರಲ್ಲ ಸಾರ್?"

ಅವರಿಗೆ ಅವತ್ತು ಉತ್ತರ ಕೊಡಲು ಆಗಲಿಲ್ಲ. ಆ ಉತ್ತರ ಹುಡುಕುತ್ತಾ ನನ್ನ ಕೆಲಸದ ರೀತಿಯನ್ನು ಹೇಗೆ ಬದಲಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೇನೆಯಿಂದ ನಿವೃತ್ತರಾಗಿ ಇದೇ ಕೆಲಸಕ್ಕೆ ಬರುವವರು ಈಗ ಬಹಳ ಜನ ಇದ್ದಾರೆ. ಅವರಲ್ಲಿ ಒಂದಿಬ್ಬರಿಗಾದರೂ ಉಪಯೋಗವಾದರೆ ಸಾಕು.

ಮೊದಲು ನಾನು ಎಲ್ಲಿ ಎಡವಿದೆ ಅಂತ ನೋಡಿದೆ. ಕೀವ್ ಬೀಳಲಿಲ್ಲ. ಯುದ್ಧದ ಮೊದಲ ದಿನವೇ ರಷ್ಯಾದ ಹೆಲಿಕಾಪ್ಟರ್‌ಗಳು ಕೀವ್‌ನ ಅಂಚಿನಲ್ಲಿರುವ ಹೋಸ್ತೊಮೆಲ್ ವಿಮಾನ ನಿಲ್ದಾಣಕ್ಕೆ ಸೈನಿಕರನ್ನು ಇಳಿಸಿದವು. ಆದರೆ ಅವರ ಹಿಂದೆಯೇ ಬರಬೇಕಿದ್ದ ಭಾರಿ ಸಾಗಣೆ ವಿಮಾನಗಳು ಇಳಿಯಲು ಆಗಲಿಲ್ಲ. ಇತ್ತ ಉತ್ತರದ ರಸ್ತೆಯಲ್ಲಿ ಸುಮಾರು 64 ಕಿಲೋಮೀಟರ್ ಉದ್ದದ ವಾಹನ ಸಾಲು ನಿಂತುಬಿಟ್ಟಿತು. ಉಪಗ್ರಹ ಚಿತ್ರದಲ್ಲಿ ಇಡೀ ಜಗತ್ತು ಅದನ್ನು ನೋಡಿತು. ಉಕ್ರೇನಿನವರು ಇರ್ಪಿನ್ ನದಿಗೆ ನೀರು ಬಿಟ್ಟು ಅದರ ಬಯಲನ್ನು ಕೆಸರು ಮಾಡಿದರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾದ ಪಡೆಗಳು ಕೀವ್ ಸುತ್ತಮುತ್ತಲಿನಿಂದ ವಾಪಸ್ ಹೋಗಿದ್ದವು.

ಒಂದು ಟ್ಯಾಂಕ್‌ಗೆ ಸಾವಿರ ಲೀಟರ್‌ಗೂ ಜಾಸ್ತಿ ಡೀಸೆಲ್ ಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದೇ ರಸ್ತೆಗೆ ನೂರಾರು ವಾಹನ ಬಿಟ್ಟರೆ ಮುಂದಿನದು ಕೆಟ್ಟಾಗ ಹಿಂದಿನದೆಲ್ಲ ನಿಲ್ಲುತ್ತದೆ ಅನ್ನುವುದೂ ಗೊತ್ತಿತ್ತು. ಅದನ್ನು ನಾನೇ ಅನುಭವಿಸಿದ್ದೆ. ಆದರೂ ಆ ಸಂಜೆ ಆ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಯಾಕೆ?

ಇದಕ್ಕೆ ಉತ್ತರ ಸಿಗಲು ಕೆಲವು ವಾರ ಬೇಕಾಯಿತು. ಬ್ರಿಗೇಡ್ ನಡೆಸುತ್ತಿದ್ದಾಗ ನಾನು ಒಬ್ಬನೇ ಯೋಚಿಸಿದ್ದೇ ಇಲ್ಲ. ಬೆಳಗಿನ ಮೀಟಿಂಗ್‌ನಲ್ಲಿ ಗುಪ್ತಚರ ಅಧಿಕಾರಿ ಮೊದಲು ಮಾತಾಡುತ್ತಿದ್ದ. ಎದುರಾಳಿ ಎಲ್ಲಿದ್ದಾನೆ, ಈ ಸುದ್ದಿಯನ್ನು ಎಷ್ಟು ನಂಬಬಹುದು ಅಂತ ಹೇಳುತ್ತಿದ್ದ. ಆಮೇಲೆ ಸರಬರಾಜಿನವನು. "ಸರ್, ನಿಮ್ಮ ಪ್ಲಾನ್ ಚೆನ್ನಾಗಿದೆ, ಆದರೆ ಲಾರಿ ಇಲ್ಲ" ಅಂತ ಮುಖಕ್ಕೇ ಹೇಳುತ್ತಿದ್ದ. ಸಿಗ್ನಲ್ಸ್‌ನವನು, ಇಂಜಿನಿಯರ್, ಫಿರಂಗಿಯವನು, ವೈದ್ಯಾಧಿಕಾರಿ ಎಲ್ಲರೂ ಇರುತ್ತಿದ್ದರು. ಪ್ಲಾನ್ ಸಿದ್ಧವಾದ ಮೇಲೆ ಒಬ್ಬ ಅಧಿಕಾರಿ ಶತ್ರುವಿನ ಜಾಗದಲ್ಲಿ ಕೂತು ಅದನ್ನು ಒಡೆಯಲು ನೋಡುತ್ತಿದ್ದ. ಇಷ್ಟೆಲ್ಲ ಆದ ಮೇಲೆ ಕೊನೆಗೆ ನಾನು ಗಟ್ಟಿ ದನಿಯಲ್ಲಿ ಆದೇಶ ಕೊಡುತ್ತಿದ್ದೆ. ದನಿ ನನ್ನದು. ಅದರ ಹಿಂದೆ ಏಳೆಂಟು ತಲೆಗಳಿದ್ದವು. ಸೇನೆಯಲ್ಲಿ ಅವರನ್ನೇ ಸ್ಟಾಫ್ ಅನ್ನುತ್ತೇವೆ.

ನಿವೃತ್ತಿಯ ದಿನ ಆ ತಲೆಗಳೆಲ್ಲ ಅಲ್ಲೇ ಉಳಿದವು. ದನಿ ಮಾತ್ರ ನನ್ನ ಜೊತೆ ಮನೆಗೆ ಬಂತು. ಸ್ಟುಡಿಯೋದವರಿಗೆ ಬೇಕಾಗಿದ್ದದ್ದೂ ಆ ದನಿಯೇ.

ಎಲ್ಲರೂ ನನ್ನ ಹಾಗೆ ಎಡವಲಿಲ್ಲ ಅನ್ನುವುದನ್ನೂ ಹೇಳಬೇಕು. 2011-12ರಲ್ಲಿ ಯುರೋಪಿನಲ್ಲಿದ್ದ ಅಮೆರಿಕದ ಭೂಸೇನೆಯ ಕಮಾಂಡರ್ ಆಗಿದ್ದ ಮಾರ್ಕ್ ಹರ್ಟ್ಲಿಂಗ್ ಆಗ ಟಿವಿಯಲ್ಲಿ ವಿಶ್ಲೇಷಣೆ ಮಾಡುತ್ತಿದ್ದರು. ಅವರು ಸೇವೆಯಲ್ಲಿದ್ದಾಗ ರಷ್ಯಾ, ಉಕ್ರೇನ್ ಎರಡೂ ಸೇನೆಗಳನ್ನು ಹತ್ತಿರದಿಂದ ನೋಡಿದ್ದರು. ತರಬೇತಿ ಹೇಗಿದೆ, ಕೆಳಗಿನ ಹಂತದ ನಾಯಕರಿಗೆ ಸ್ವಂತ ನಿರ್ಧಾರ ತೆಗೆದುಕೊಳ್ಳಲು ಬಿಡುತ್ತಾರಾ ಅನ್ನುವುದನ್ನು ಗಮನಿಸಿದ್ದರು. ಅದರ ಮೇಲೆ ಅವರು ಉಕ್ರೇನ್ ತಡೆದು ನಿಲ್ಲುತ್ತದೆ ಅನ್ನುವ ಕಡೆ ವಾಲಿದ್ದರು. ನಾನು ಟ್ಯಾಂಕ್ ಎಣಿಸಿದೆ, ಅವರು ಸಾರ್ಜೆಂಟ್‌ಗಳನ್ನು ನೋಡಿದ್ದರು.

ನನಗೆ ಹಾಗೆ ಕಣ್ಣಾರೆ ನೋಡಿದ ಅನುಭವ ಆ ಪ್ರದೇಶದ್ದು ಇರಲಿಲ್ಲ. ಹಾಗಾಗಿ ಕಳೆದುಕೊಂಡ ಸ್ಟಾಫ್ ಅನ್ನು ಮತ್ತೆ ಕಟ್ಟಿಕೊಳ್ಳುವುದೊಂದೇ ದಾರಿಯಾಗಿತ್ತು.

ಮೊದಲು ನೆನಪಾದವನು ಸರಬರಾಜಿನ ಗೆಳೆಯ. ಅವನೂ ನಿವೃತ್ತನಾಗಿದ್ದ. ಫೋನ್ ಮಾಡಿ, "ಇನ್ನು ಮೇಲೆ ನಾನು ಯಾವ ಕಾರ್ಯಕ್ರಮಕ್ಕೆ ಹೋಗುವ ಮೊದಲೂ ನಿನ್ನ ಜೊತೆ ಹತ್ತು ನಿಮಿಷ ಮಾತಾಡಬೇಕು" ಅಂದೆ. ಅವನು ಖುಷಿಯಿಂದ ಒಪ್ಪಿದ. ಅವನ ಪ್ರಶ್ನೆ ಯಾವಾಗಲೂ ಒಂದೇ: "ಲಾರಿ ಎಷ್ಟು?"

ಆ ಪ್ರಶ್ನೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ದೊಡ್ಡ ಫಿರಂಗಿಯ ಒಂದು ಶೆಲ್ ಸುಮಾರು 45 ಕೆಜಿ ತೂಗುತ್ತದೆ. ಒಂದು ಪ್ರದೇಶದಲ್ಲಿ ದಿನಕ್ಕೆ 5,000 ಶೆಲ್ ಹಾರಿಸಬೇಕು ಅಂತ ಇಟ್ಟುಕೊಳ್ಳೋಣ. ಅದು 225 ಟನ್. ಹತ್ತು ಟನ್ನಿನ ಲಾರಿ ಆದರೆ 23 ಲಾರಿ. ಇದು ಬರೀ ಶೆಲ್ ಲೆಕ್ಕ. ಅದನ್ನು ಹಾರಿಸುವ ಮದ್ದು, ಪೆಟ್ಟಿಗೆ, ಡೀಸೆಲ್, ನೀರು, ಊಟ ಎಲ್ಲಾ ಬೇರೆ. ಗೋದಾಮು ಮುಂಚೂಣಿಯಿಂದ 30 ಕಿಲೋಮೀಟರ್ ದೂರ ಇದ್ದರೆ ಒಂದೇ ಲಾರಿ ದಿನಕ್ಕೆ ಎರಡು ಮೂರು ಸಲ ಹೋಗಿ ಬರಬಹುದು. ಅದನ್ನೇ 90 ಕಿಲೋಮೀಟರ್ ಹಿಂದಕ್ಕೆ ತಳ್ಳಿದರೆ, ಕೆಟ್ಟ ರಸ್ತೆಯಲ್ಲಿ, ದೀಪ ಹಾಕದೆ ರಾತ್ರಿ ಓಡಿಸಬೇಕಾದರೆ, ಒಂದು ಸಲ ಹೋಗಿ ಬಂದರೆ ದೊಡ್ಡದು. ಅಂದರೆ ಲಾರಿಗಳ ಮೇಲೆ ಒಂದು ಗುಂಡೂ ಹಾರಿಸದೆ ಎದುರಾಳಿಯ ಲಾರಿಗಳನ್ನು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿದ ಹಾಗೆ.

2022ರ ಬೇಸಿಗೆಯಲ್ಲಿ ನಡೆದದ್ದು ಇದೇ. ಜೂನ್‌ನಲ್ಲಿ ಉಕ್ರೇನ್ ಕೈಗೆ ಅಮೆರಿಕದ ಹೈಮಾರ್ಸ್ ರಾಕೆಟ್ ಲಾಂಚರ್‌ಗಳು ಬಂದವು. ಅವುಗಳ ರಾಕೆಟ್‌ಗಳು 70 ಕಿಲೋಮೀಟರ್‌ಗೂ ಆಚೆ ಗುರಿಯಿಟ್ಟು ಹೊಡೆಯುತ್ತಿದ್ದವು. ಮೊದಲು ಮದ್ದುಗುಂಡಿನ ಗೋದಾಮುಗಳು ಉರಿದವು. ಜುಲೈನಲ್ಲಿ, ರಷ್ಯಾ ಹಿಡಿದಿದ್ದ ಖೆರ್ಸನ್ ನಗರದ ಪಕ್ಕದ ಆಂತೊನಿವ್ಸ್ಕಿ ಸೇತುವೆಗೆ ಪೆಟ್ಟು ಬೀಳಲು ಶುರುವಾಯಿತು. ದ್ನಿಪ್ರೊ ನದಿಯ ಮೇಲಿನ, ಒಂದು ಕಿಲೋಮೀಟರ್‌ಗೂ ಉದ್ದದ ಸೇತುವೆ ಅದು. ಟಿವಿಯಲ್ಲಿ ಅದರ ಮೇಲಿನ ತೂತುಗಳನ್ನು ತೋರಿಸಿ "ಸೇತುವೆ ಬಿದ್ದಿಲ್ಲವಲ್ಲ ಸರ್, ಇದರಿಂದ ಏನು ಪ್ರಯೋಜನ?" ಅಂತ ಕೇಳಿದರು. ನಾನು ಹಿಂದಿನ ದಿನವೇ ಗೆಳೆಯನ ಜೊತೆ ಲೆಕ್ಕ ಹಾಕಿದ್ದೆ. ಸೇತುವೆ ಬೀಳಬೇಕಿಲ್ಲ. ತುಂಬಿದ ಲಾರಿ, ಟ್ಯಾಂಕ್ ಅದರ ಮೇಲೆ ಹೋಗದ ಹಾಗಾದರೆ ಸಾಕು. ನದಿಯ ಪಶ್ಚಿಮ ದಂಡೆಯಲ್ಲಿ ರಷ್ಯಾದ ಸಾವಿರಾರು ಸೈನಿಕರಿದ್ದರು. ಅವರಿಗೆ ಬೇಕಾದದ್ದನ್ನೆಲ್ಲ ದೋಣಿ ಮತ್ತು ತೇಲು ಸೇತುವೆಯಲ್ಲೇ ದಾಟಿಸಬೇಕು. ಅದು ತಿಂಗಳುಗಟ್ಟಲೆ ನಡೆಯುವ ಮಾತಲ್ಲ. "ಚಳಿಗಾಲಕ್ಕೆ ಮುಂಚೆ ಈ ದಂಡೆ ಬಿಡುವ ಸಾಧ್ಯತೆ ಹತ್ತರಲ್ಲಿ ಏಳು" ಅಂದೆ. ನವೆಂಬರ್ 9ರಂದು ರಷ್ಯಾ ವಾಪಸಾತಿ ಪ್ರಕಟಿಸಿತು. 11ರಂದು ಉಕ್ರೇನ್ ಸೈನಿಕರು ಖೆರ್ಸನ್ ಪ್ರವೇಶಿಸಿದರು.

ಈ ಊಹೆ ಸರಿಯಾದದ್ದು ನನ್ನ ಜಾಣತನದಿಂದ ಅಲ್ಲ. ಸರಿಯಾದ ಪ್ರಶ್ನೆ ಕೇಳುವ ಒಬ್ಬ ಮನುಷ್ಯ ಪಕ್ಕದಲ್ಲಿದ್ದ, ಅದರಿಂದ.

"ಹತ್ತರಲ್ಲಿ ಏಳು" ಅನ್ನುವ ರೂಢಿಯ ಬಗ್ಗೆ ಸ್ವಲ್ಪ ಹೇಳಬೇಕು. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಂದು ವರದಿ ಕೊಟ್ಟಿತು. ಯುಗೊಸ್ಲಾವಿಯಾ ಮೇಲೆ ಆ ವರ್ಷ ದಾಳಿ ಆಗುವ 'ಗಂಭೀರ ಸಾಧ್ಯತೆ' ಇದೆ ಅಂತ ಅದರಲ್ಲಿತ್ತು. ಆ ವರದಿಯ ಹಿಂದಿದ್ದ ಹಿರಿಯ ವಿಶ್ಲೇಷಕ ಶರ್ಮನ್ ಕೆಂಟ್ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65. ಆಮೇಲೆ ವರದಿ ಬರೆಯಲು ಕೂತಿದ್ದ ತಮ್ಮದೇ ಸಹೋದ್ಯೋಗಿಗಳನ್ನು ಕೇಳಿ ನೋಡಿದರು. ಒಬ್ಬರ ಪ್ರಕಾರ 20, ಇನ್ನೊಬ್ಬರ ಪ್ರಕಾರ 80. ಒಂದೇ ಕಾಗದಕ್ಕೆ ಒಪ್ಪಿಗೆ ಕೊಟ್ಟವರ ಮಧ್ಯೆಯೇ ಇಷ್ಟು ವ್ಯತ್ಯಾಸ! ಹಾಗಿರುವಾಗ ನಾನು ಟಿವಿಯಲ್ಲಿ "ಸಾಧ್ಯತೆ ಇದೆ" ಅಂದರೆ ಮನೆಯಲ್ಲಿ ಕೂತವರು ಏನು ಅರ್ಥ ಮಾಡಿಕೊಳ್ಳಬೇಕು? ಮಗಳು ಖಾರ್ಕಿವ್‌ನಲ್ಲಿರುವ ತಂದೆ ಏನು ಅರ್ಥ ಮಾಡಿಕೊಳ್ಳಬೇಕು? ಅವತ್ತಿನಿಂದ ನಾನು ಹತ್ತರ ಲೆಕ್ಕದಲ್ಲೇ ಹೇಳುತ್ತೇನೆ. ಮೊದಮೊದಲು ನಿರೂಪಕರಿಗೆ ವಿಚಿತ್ರ ಅನ್ನಿಸಿತು. ಈಗ ಅವರೇ "ಹತ್ತರಲ್ಲಿ ಎಷ್ಟು ಸರ್?" ಅಂತ ಕೇಳುತ್ತಾರೆ.

ಹಾಗೆ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ತಾರೀಖು, ನಾನು ಹೇಳಿದ್ದು, ಹತ್ತರಲ್ಲಿ ಎಷ್ಟು, ಯಾವ ಆಧಾರದ ಮೇಲೆ, ಯಾವತ್ತು ತಿರುಗಿ ನೋಡಬೇಕು. ಆ ತಾರೀಖು ಬಂದಾಗ ಸರಿಯೋ ತಪ್ಪೋ ಅಂತ ಎದುರಿಗೆ ಬರೆಯುತ್ತೇನೆ. ಇದು ನನ್ನ ಕೆಲಸದ ಅತಿ ಮುಖ್ಯವಾದ ಭಾಗ. ನೋಟ್‌ಬುಕ್ ಇಲ್ಲದಿದ್ದರೆ ಮನಸ್ಸು ಮೋಸ ಮಾಡುತ್ತದೆ. ಸರಿಯಾದದ್ದು ನೆನಪಿರುತ್ತದೆ, ತಪ್ಪಾದದ್ದು "ನಾನು ಹಾಗೆ ಹೇಳಿರಲಿಲ್ಲವಲ್ಲ" ಅನ್ನಿಸಿಬಿಡುತ್ತದೆ.

ನೋಟ್‌ಬುಕ್‌ನಲ್ಲಿ ತಪ್ಪುಗಳೂ ಇವೆ. 2023ರ ಜೂನ್‌ನಲ್ಲಿ ಉಕ್ರೇನ್ ದಕ್ಷಿಣದಲ್ಲಿ ದೊಡ್ಡ ಪ್ರತಿದಾಳಿ ಶುರುಮಾಡಿತು. ವರ್ಷದ ಕೊನೆಗೆ ಅಜೋವ್ ಸಮುದ್ರದ ತೀರದ ಹತ್ತಿರ ಹೋಗುತ್ತಾರೆ, ಹತ್ತರಲ್ಲಿ ಆರು ಅಂತ ಬರೆದಿದ್ದೆ. ರೊಬೊತಿನೆ ಎಂಬ ಸಣ್ಣ ಹಳ್ಳಿ ಹಿಡಿಯುವಷ್ಟರಲ್ಲೇ ಆಗಸ್ಟ್ ಮುಗಿಯುತ್ತಾ ಬಂತು. ಸಮುದ್ರ ದೂರವೇ ಉಳಿಯಿತು. ರಷ್ಯಾಕ್ಕೆ ಕಂದಕ ತೋಡಲು, ನೆಲಬಾಂಬ್ ಹೂಳಲು ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತು. ಅದು ನನಗೆ ಗೊತ್ತಿದ್ದ ವಿಷಯ. ಗೊತ್ತಿಲ್ಲದೆ ಹೋದದ್ದು ಡ್ರೋನ್‌ಗಳ ಪರಿಣಾಮ. ನಮ್ಮ ಕಾಲದಲ್ಲಿ ನೆಲಬಾಂಬ್ ತೆಗೆಯುವ ತಂಡವನ್ನು ಹೊಗೆ, ಕತ್ತಲೆ, ಫಿರಂಗಿ ಬಳಸಿ ಮರೆಮಾಡುತ್ತಿದ್ದೆವು. ಈಗ ತಲೆಯ ಮೇಲೆ ದಿನವಿಡೀ ಕಣ್ಣಿರುತ್ತದೆ. ಬಾಂಬ್ ತೆಗೆಯುವ ವಾಹನ ಮುಂದೆ ಬಂದ ಕೂಡಲೇ ಕಾಣುತ್ತದೆ, ಕಂಡ ಕೂಡಲೇ ಪೆಟ್ಟು ಬೀಳುತ್ತದೆ. ನನ್ನ ಅನುಭವ ಹಳೆಯದಾಗಿತ್ತು. ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಒಪ್ಪಿಕೊಂಡ ಮೇಲೆ ಈಗ ಸೇವೆಯಲ್ಲಿಲ್ಲದಿದ್ದರೂ ಡ್ರೋನ್ ಕೆಲಸ ಗೊತ್ತಿರುವ ಒಬ್ಬ ಕಿರಿಯ ಇಂಜಿನಿಯರ್ ಹತ್ತಿರ ಪಾಠ ಹೇಳಿಸಿಕೊಂಡೆ. ಕೈಯಲ್ಲಿ ರಿಮೋಟ್ ಹಿಡಿದು ಹಾರಿಸಿ ನೋಡಿದೆ. ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಗಾಳಿಗೆ ಏನಾಗುತ್ತದೆ, ಸಿಗ್ನಲ್ ಹೇಗೆ ಕಡಿದುಹೋಗುತ್ತದೆ ಅನ್ನುವುದನ್ನು ಕಂಡೆ.

ಆ ತಪ್ಪನ್ನು ಟಿವಿಯಲ್ಲೇ ಹೇಳಿದೆ. "ಜೂನ್‌ನಲ್ಲಿ ನಾನು ಹೀಗೆ ಹೇಳಿದ್ದೆ, ಅದು ತಪ್ಪಾಯಿತು, ಕಾರಣ ಇದು" ಅಂತ. ಕಾರ್ಯಕ್ರಮ ಮುಗಿದ ಮೇಲೆ ಪ್ರೊಡ್ಯೂಸರ್ ಮುಖ ಸಪ್ಪಗಿತ್ತು. "ಸರ್, ಅದನ್ನು ಯಾರೂ ಕೇಳಿರಲಿಲ್ಲ, ಯಾಕೆ ಹೇಳಿದ್ರಿ?" ಅಂದರು. ಯಾರೂ ಕೇಳದಿದ್ದರೂ ಹೇಳಲೇಬೇಕು. ನನ್ನ ಆವತ್ತಿನ ಮಾತು ಕೇಳಿದವರು ಅದನ್ನೇ ಇನ್ನೂ ನಂಬಿಕೊಂಡಿರಬಹುದು, ಅಲ್ವಾ?

ಇನ್ನು ಗುಪ್ತಚರ ಅಧಿಕಾರಿಯ ಕೆಲಸ. ಇದನ್ನು ನಾನೇ ಕಲಿಯಬೇಕಾಯಿತು. ಇವತ್ತು ಯಾರು ಬೇಕಾದರೂ ನೋಡಬಹುದಾದ ಮಾಹಿತಿ ಬೇಕಾದಷ್ಟಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತವಾಗಿ ಸಿಗುತ್ತದೆ. ಆದರೆ ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಟ್ಯಾಂಕ್ ಒಂದು ಆ ಚುಕ್ಕೆಗಿಂತ ಚಿಕ್ಕದು. ಹಾಗಾಗಿ ಅದರಲ್ಲಿ ಟ್ಯಾಂಕ್ ಹುಡುಕಬಾರದು. ಹೊಸ ರಸ್ತೆ, ಉದ್ದನೆಯ ಕಂದಕ, ಸುಟ್ಟ ಹೊಲ, ಒಣಗಿದ ಜಲಾಶಯ ಹುಡುಕಬೇಕು. ನಾಸಾ ಸಂಸ್ಥೆಯ ಫರ್ಮ್ಸ್ ಮ್ಯಾಪ್ ಎಲ್ಲೆಲ್ಲಿ ಬೆಂಕಿ ಹೊತ್ತಿದೆ ಅಂತ ತೋರಿಸುತ್ತದೆ. ಮುಂಚೂಣಿಯ ಉದ್ದಕ್ಕೂ ಚುಕ್ಕೆಗಳು ಕಂಡರೆ ಅಲ್ಲಿ ಶೆಲ್ ದಾಳಿ ನಡೆಯುತ್ತಿರಬಹುದು. ಆದರೆ ಸುಗ್ಗಿಯ ನಂತರ ರೈತರು ಕೂಳೆ ಸುಟ್ಟರೂ ಅದೇ ಚುಕ್ಕೆ ಬರುತ್ತದೆ. ಹಡಗುಗಳು ತಾವಿರುವ ಜಾಗ ತಿಳಿಸಲು ಕಳಿಸುವ ಎಐಎಸ್ ಸಿಗ್ನಲ್ ನೋಡಿ ಎಷ್ಟೋ ತಿಳಿಯಬಹುದು. ಅದನ್ನು ಬೇಕೆಂದೇ ಆರಿಸಬಹುದು, ಸುಳ್ಳು ಜಾಗ ತೋರಿಸುವ ಹಾಗೆಯೂ ಮಾಡಬಹುದು. ನನ್ನ ಹಳೆಯ ಗುಪ್ತಚರ ಅಧಿಕಾರಿ ಯಾವಾಗಲೂ ಒಂದು ಸುದ್ದಿಗೆ ಎರಡನೇ ಮೂಲ ಕೇಳುತ್ತಿದ್ದ. ಈಗ ಆ ಕೆಲಸ ನಾನೇ ಮಾಡುತ್ತೇನೆ.

ಒಂದು ಸಲ ನೇರ ಪ್ರಸಾರದ ಮಧ್ಯೆ ಒಂದು ವಿಡಿಯೋ ಹಾಕಿದರು. ರಾತ್ರಿಯ ಆಕಾಶ, ಗುಂಡಿನ ಸಾಲು, ಉರುಳಿ ಬೀಳುವ ವಿಮಾನ. "ಇದೀಗ ಬಂದ ದೃಶ್ಯ, ಇದನ್ನು ವಿವರಿಸಿ ಸರ್" ಅಂದರು. ನನಗೆ ಏನೋ ಸರಿ ಕಾಣಲಿಲ್ಲ. ಕ್ಯಾಮೆರಾ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಅಷ್ಟು ಹತ್ತಿರದಲ್ಲಿ ಗುಂಡು ಹಾರುವಾಗ ಅಲುಗಾಡದ ಕೈ ನಾನು ನೋಡಿಲ್ಲ. ಹೊಗೆಯೂ ಒಂದೇ ಥರ ಸುರುಳಿ ಸುತ್ತುತ್ತಿತ್ತು. "ಇದು ಎಲ್ಲಿಯದು, ಯಾರು ತೆಗೆದದ್ದು ಗೊತ್ತಾಗುವ ತನಕ ನಾನು ಮಾತಾಡುವುದಿಲ್ಲ" ಅಂದೆ. ಕೆಲವು ಕ್ಷಣ ಮೌನ. ಆಮೇಲೆ ಗೊತ್ತಾಯಿತು, ಅದು ಆರ್ಮಾ 3 ಎಂಬ ವಿಡಿಯೋ ಗೇಮ್‌ನ ದೃಶ್ಯ. ಆ ಗೇಮ್‌ನ ತುಣುಕುಗಳು ಯುದ್ಧದ ದೃಶ್ಯ ಅಂತ ಎಷ್ಟೋ ಸಲ ಹರಿದಾಡಿವೆ. ಗೇಮ್ ಮಾಡಿದ ಕಂಪನಿಯೇ 2022ರಲ್ಲಿ ಈ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ಮೊದಲ ಗಂಟೆ ಅತ್ಯಂತ ಅಪಾಯದ ಗಂಟೆ. 2022ರ ನವೆಂಬರ್ 15ರಂದು, ನೇಟೋ ಸೇನಾ ಒಕ್ಕೂಟದ ಸದಸ್ಯ ದೇಶವಾದ ಪೋಲೆಂಡಿನ ಪ್ಶೆವೊದುಫ್ ಎಂಬ ಗಡಿ ಹಳ್ಳಿಯಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಕೆಲವೇ ನಿಮಿಷದಲ್ಲಿ "ನೇಟೋ ಮೇಲೆ ರಷ್ಯಾ ದಾಳಿ, ಮೂರನೇ ಮಹಾಯುದ್ಧ" ಅನ್ನುವ ಅಕ್ಷರಗಳು ಪರದೆ ತುಂಬಿದವು. ನನಗೂ ಫೋನ್ ಬಂತು. ಆ ಹೊತ್ತಿಗೆ ನಾನು ಮೂರು ಕಾಲಂ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಏನು ಗೊತ್ತು, ಏನು ಗೊತ್ತಿಲ್ಲ, ಏನು ಅನ್ನಿಸುತ್ತದೆ. ಗೊತ್ತಿದ್ದದ್ದು: ಕ್ಷಿಪಣಿ ಬಿದ್ದಿದೆ, ಇಬ್ಬರು ಸತ್ತಿದ್ದಾರೆ. ಗೊತ್ತಿಲ್ಲದ್ದು: ಯಾರದು, ಬೇಕೆಂದೇ ಬಿದ್ದದ್ದೋ ಆಕಸ್ಮಿಕವೋ. ಅನ್ನಿಸಿದ್ದು: ಆ ದಿನ ಉಕ್ರೇನ್ ಮೇಲೆ ಭಾರಿ ಕ್ಷಿಪಣಿ ದಾಳಿ ನಡೆದಿದೆ. ಅದನ್ನು ತಡೆಯಲು ಹಾರಿಸಿದ ಕ್ಷಿಪಣಿಯೂ ಗುರಿ ತಪ್ಪಿ ಎಲ್ಲೋ ಬೀಳಬಹುದು, ಆದ್ದರಿಂದ ಕಾಯೋಣ. ಮರುದಿನ ಪೋಲೆಂಡ್ ಮತ್ತು ನೇಟೋ ಎರಡೂ, ಅದು ಉಕ್ರೇನಿನ ವಾಯು ರಕ್ಷಣಾ ಕ್ಷಿಪಣಿ ಆಗಿರುವ ಸಾಧ್ಯತೆಯೇ ಹೆಚ್ಚು, ಬೇಕೆಂದು ಮಾಡಿದ ದಾಳಿ ಅನ್ನಲು ಆಧಾರವಿಲ್ಲ ಅಂದವು.

ಅದೇ ರಾತ್ರಿ ಇನ್ನೊಂದು ತಪ್ಪು ಕಲ್ಪನೆಯನ್ನೂ ಬಿಡಿಸಿ ಹೇಳಬೇಕಾಯಿತು. ನೇಟೋ ಒಪ್ಪಂದದ 5ನೇ ವಿಧಿ ಅಂದರೆ ಒಂದು ದೇಶದ ಮೇಲೆ ಕಲ್ಲು ಬಿದ್ದರೆ ಮಿಕ್ಕವರೆಲ್ಲ ತಾನಾಗಿಯೇ ಯುದ್ಧಕ್ಕೆ ಇಳಿಯುತ್ತಾರೆ ಅಂತ ಅಲ್ಲ. ಪ್ರತಿಯೊಂದು ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳುತ್ತದೆ ಅಂತ ಅದರಲ್ಲಿದೆ. ಸೈನ್ಯ ಕಳಿಸುವುದೂ ಅದರಲ್ಲಿ ಒಂದು, ಅಷ್ಟೇ. 1949ರ ಒಪ್ಪಂದ ಅದು. ಆ ರಾತ್ರಿಯವರೆಗೆ 5ನೇ ವಿಧಿ ಬಳಕೆಯಾಗಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಆ ಒಪ್ಪಂದದ ಮೂಲ ಪಠ್ಯ ಕೆಲವೇ ಪುಟ ಇದೆ. ಓದಲು ಅರ್ಧ ಗಂಟೆ ಸಾಕು. ಟಿವಿಯಲ್ಲಿ ಅದರ ಬಗ್ಗೆ ಮಾತಾಡುವವರು ಅಷ್ಟು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಮೂರು ಕಾಲಂಗಳ ಮಾತು ನನ್ನದಲ್ಲ. ಅಮೆರಿಕದ ಜನರಲ್ ಕಾಲಿನ್ ಪೊವೆಲ್ ತಮ್ಮ ಗುಪ್ತಚರ ಅಧಿಕಾರಿಗಳಿಗೆ ಇದೇ ನಿಯಮ ಹಾಕಿದ್ದರು. ಅವರಿಗೇ ಏನಾಯಿತು ಅನ್ನುವುದನ್ನೂ ಮರೆಯಬಾರದು. 2003ರ ಫೆಬ್ರವರಿ 5ರಂದು ಅವರು ಅಮೆರಿಕದ ವಿದೇಶಾಂಗ ಸಚಿವರಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತು, ಇರಾಕ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಅಂತ ವಾದಿಸಿದರು. ಅವು ಸಿಗಲೇ ಇಲ್ಲ. ಅಷ್ಟು ದೊಡ್ಡ ಸ್ಟಾಫ್ ಇದ್ದು, ಅಂಥ ನಿಯಮ ಇಟ್ಟುಕೊಂಡವರೇ ಹಾಗೆ ಎಡವಿದರು. ಆ ಭಾಷಣದ ವಿಡಿಯೋವನ್ನು ನಾನು ಎರಡು ಮೂರು ಸಲ ನೋಡಿದ್ದೇನೆ. 'ಅನ್ನಿಸುತ್ತದೆ' ಕಾಲಂನಲ್ಲಿ ಇರಬೇಕಾದ ವಿಷಯಗಳು 'ಗೊತ್ತು' ಕಾಲಂಗೆ ದಾಟಿಬಿಟ್ಟಿದ್ದವು. ನೋಡುವಾಗ ಎದೆ ಭಾರವಾಗುತ್ತದೆ. ಆ ದನಿ ನನಗೆ ಚೆನ್ನಾಗಿ ಗೊತ್ತು. ಅದೇ ಗಟ್ಟಿ ದನಿ.

ನನ್ನ ಸ್ಟಾಫ್‌ನಲ್ಲಿ ಇನ್ನೂ ಒಬ್ಬರಿದ್ದಾರೆ, ನೌಕಾಪಡೆಯಿಂದ ನಿವೃತ್ತರಾದವರು. ನಾನು ನೆಲದ ಮೇಲೆ ನಡೆದವನು, ಸಮುದ್ರ ನನಗೆ ತಿಳಿಯದು. ಇರಾನ್ ಪಕ್ಕದ ಹೊರ್ಮುಜ್ ಜಲಸಂಧಿಯನ್ನು ಮುಚ್ಚಿಬಿಟ್ಟರೆ ಏನಾಗುತ್ತದೆ ಅನ್ನುವ ಪ್ರಶ್ನೆ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಅತಿ ಕಿರಿದಾದ ಜಾಗ ಸುಮಾರು 33 ಕಿಲೋಮೀಟರ್. ಹಡಗುಗಳು ಹೋಗುವ ದಾರಿ, ಬರುವ ದಾರಿ ಒಂದೊಂದೂ ಸುಮಾರು 3 ಕಿಲೋಮೀಟರ್ ಅಗಲ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಅಲ್ಲಿಂದ ಹೋಗಿದೆ. ಜಗತ್ತು ಬಳಸುವ ತೈಲದ ಐದರಲ್ಲಿ ಒಂದು ಪಾಲು. ನಾನು ಇದನ್ನು ಬಾಗಿಲು ಹಾಕುವ ಹಾಗೆ ಯೋಚಿಸುತ್ತಿದ್ದೆ. ಅವರು ತಿದ್ದಿದರು: "ಸಮುದ್ರಕ್ಕೆ ಬಾಗಿಲು ಇರಲ್ಲ. ಹಡಗಿನ ಕ್ಯಾಪ್ಟನ್ ಹೆದರಿದರೆ, ವಿಮೆಯವನು ಹಣ ಜಾಸ್ತಿ ಕೇಳಿದರೆ, ಅಲ್ಲಿಗೆ ಮುಚ್ಚಿದ ಹಾಗೆ." ಕೆಂಪು ಸಮುದ್ರದಲ್ಲಿ ಇದನ್ನು ಕಣ್ಣಾರೆ ಕಂಡೆವು. 2023ರ ನವೆಂಬರ್ 19ರಂದು ಯೆಮನ್‌ನ ಹೌತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗನ್ನು ಹಿಡಿದರು. ಆ ಸಮುದ್ರದ ದಕ್ಷಿಣ ತುದಿಯ ಬಾಬ್ ಎಲ್ ಮಂದೆಬ್ ಜಲಸಂಧಿಯನ್ನು ಯಾರೂ ಸರಪಳಿ ಹಾಕಿ ಮುಚ್ಚಲಿಲ್ಲ. ಆದರೂ ಕೆಲವೇ ವಾರದಲ್ಲಿ ದೊಡ್ಡ ಹಡಗು ಕಂಪನಿಗಳು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಏಷ್ಯಾದಿಂದ ಯುರೋಪಿಗೆ ಹತ್ತು ದಿನಕ್ಕೂ ಜಾಸ್ತಿ ತಡ.

ಅಣ್ವಸ್ತ್ರದ ಬಗ್ಗೆ ಕೇಳಿದರೆ, ಒಪ್ಪಂದಗಳಲ್ಲಿ ಬರೆದದ್ದನ್ನು ಹೇಳಿ ನಿಲ್ಲಿಸುತ್ತೇನೆ. ಒಬ್ಬ ನಾಯಕನ ಮನಸ್ಸಿನಲ್ಲಿ ಏನಿದೆ ಅಂತ ಹೇಳಲು ನನಗೆ ಬರುವುದಿಲ್ಲ.

ಏನು ಹೇಳಬಾರದು ಅನ್ನುವುದೂ ಅಷ್ಟೇ ಮುಖ್ಯ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಪ್ಯಾರಾ ಬೆಟಾಲಿಯನ್ ಅರ್ಜೆಂಟೀನಾ ಹಿಡಿದಿದ್ದ ಗೂಸ್ ಗ್ರೀನ್ ಎಂಬ ಊರಿನ ಮೇಲೆ ದಾಳಿ ಮಾಡಲು ಕಾದು ಕೂತಿತ್ತು. ದಾಳಿ ಶುರುವಾಗುವ ಮೊದಲೇ ಬಿಬಿಸಿ ರೇಡಿಯೋ ಆ ಸುದ್ದಿಯನ್ನು ಜಗತ್ತಿಗೆ ಹೇಳಿತು. ಬೆಟಾಲಿಯನ್ ಕಮಾಂಡರ್ ಎಚ್. ಜೋನ್ಸ್ ಕೆಂಡವಾದರು. ಮೇ 28ರ ಆ ಕದನದಲ್ಲಿ ಅವರೇ ಸತ್ತರು. ಆ ಸುದ್ದಿಯಿಂದ ಎಷ್ಟು ನಷ್ಟವಾಯಿತು ಅನ್ನುವುದು ಬೇರೆ ಚರ್ಚೆ. ನಾಳೆ ಎಲ್ಲಿ ಸಾಯಬಹುದು ಅಂತ ಗೊತ್ತಿರುವ ಹುಡುಗರು ತಮ್ಮ ಪ್ಲಾನ್ ಅನ್ನು ರೇಡಿಯೋದಲ್ಲಿ ಕೇಳಿಸಿಕೊಂಡರಲ್ಲ, ನನಗೆ ಅದೇ ಸಾಕು. 2008ರ ಮುಂಬೈ ದಾಳಿಯಲ್ಲೂ ಟಿವಿಯ ನೇರ ಪ್ರಸಾರ ನೋಡಿ ಗಡಿಯಾಚೆಗಿದ್ದವರು ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಹಾಗಾಗಿ ನಡೆಯುತ್ತಿರುವ ಕಾರ್ಯಾಚರಣೆಯಲ್ಲಿ ಒಂದು ತುಕಡಿ ಮುಂದೆ ಎಲ್ಲಿಗೆ ಹೋಗಬಹುದು ಅಂತ ನಾನು ಊಹಿಸಿ ಹೇಳುವುದಿಲ್ಲ. ಸೇವೆಯಲ್ಲಿದ್ದಾಗ ನೋಡಿದ ಗುಟ್ಟಿನ ಕಾಗದಗಳ ವಿಷಯವಂತೂ ನಿವೃತ್ತಿಯ ಜೊತೆ ಬಿಡುಗಡೆ ಆಗುವುದಿಲ್ಲ.

ಹಣದ ವಿಷಯ. 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ದೊಡ್ಡ ವರದಿ ಪ್ರಕಟಿಸಿತು. ಅಮೆರಿಕದ ಟಿವಿಗಳಲ್ಲಿ ಸ್ವತಂತ್ರ ವಿಶ್ಲೇಷಕರಂತೆ ಕೂತಿದ್ದ ನಿವೃತ್ತ ಸೇನಾಧಿಕಾರಿಗಳಿಗೆ ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್ ಏನು ಹೇಳಬೇಕೆಂದು ಒಳಗಿನಿಂದ ತಯಾರಿ ಕೊಡುತ್ತಿತ್ತು. ಅವರಲ್ಲಿ ಹಲವರಿಗೆ ರಕ್ಷಣಾ ಕಂಪನಿಗಳ ಜೊತೆ ಸಂಬಂಧವಿತ್ತು. ನೋಡುವವರಿಗೆ ಇದು ಗೊತ್ತಿರಲಿಲ್ಲ. ಆ ವರದಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅದನ್ನು ಓದಿದ ಮೇಲೆ ಶಸ್ತ್ರ ಮಾರುವ ಒಂದು ಕಂಪನಿ ಸಲಹೆಗಾರನಾಗಲು ಕರೆದಾಗ ನಾನು ಬೇಡ ಅಂದೆ. ಬೇರೆಯವರು ಹೋಗಬಾರದು ಅನ್ನುವುದಿಲ್ಲ. ಹೋದರೆ, ಟಿವಿಯಲ್ಲಿ ಹೆಸರಿನ ಕೆಳಗೆ ಹಳೆಯ ಪದವಿಯ ಜೊತೆ ಈಗಿನ ಕೆಲಸವನ್ನೂ ಹಾಕಿಸಬೇಕು.

ಮಾತಿನ ಬಗ್ಗೆ ಒಂದು ಹಠ ಇಟ್ಟುಕೊಂಡಿದ್ದೇನೆ. ಧೂಳೀಪಟ, ಉಡೀಸ್, ಚಿಂದಿ ಚಿತ್ರಾನ್ನ, ಈ ಪದಗಳನ್ನು ನಾನು ಬಳಸುವುದಿಲ್ಲ. ಒಂದು ಬೆಟಾಲಿಯನ್ ನಾಶವಾಯಿತು ಅಂದರೆ ನೂರಾರು ಮನೆಗಳಿಗೆ ಫೋನ್ ಹೋಗುತ್ತದೆ. ಅಂಥ ಫೋನ್ ನಾನು ಮಾಡಿದ್ದೇನೆ. ಆಚೆಯಿಂದ ಏನೂ ಕೇಳಿಸುವುದಿಲ್ಲ, ಉಸಿರು ಮಾತ್ರ. ಅದು ಯಾವ ದೇಶದ ಮನೆಯಾದರೂ ಹಾಗೇ ಇರುತ್ತದೆ. ಚರ್ಚೆಯಲ್ಲಿ ಪಕ್ಕದವರು ಕೂಗಿದರೆ ನಾನು ಸುಮ್ನೆ ಇರುತ್ತೇನೆ. ನನ್ನ ಸರದಿ ಬಂದಾಗ ಲಾರಿ, ಸೇತುವೆ, ನದಿ, ಸತ್ತವರು, ಓಡಿಹೋದವರು, ಇವುಗಳ ಬಗ್ಗೆ ಹೇಳುತ್ತೇನೆ.

ಖಾರ್ಕಿವ್‌ನಲ್ಲಿದ್ದ ಹುಡುಗಿ ಮಾರ್ಚ್ ತಿಂಗಳಲ್ಲಿ ಮನೆ ಸೇರಿದಳು. ತಂದೆಯೇ ಫೋನ್ ಮಾಡಿ ತಿಳಿಸಿದರು. ಆಮೇಲೆ ಫೋನ್ ಅವಳ ಕೈಗೆ ಕೊಟ್ಟರು. ಹೇಗೆ ಬಂದೆಯಮ್ಮಾ ಅಂದೆ. "ಶೆಲ್ ಬೀಳ್ತಾನೇ ಇತ್ತು ಅಂಕಲ್. ನಡ್ಕೊಂಡು ಸ್ಟೇಷನ್‌ಗೆ ಹೋದ್ವಿ. ನಿಲ್ಲೋಕೂ ಜಾಗ ಇರ್ಲಿಲ್ಲ, ಆದ್ರೆ ಟ್ರೈನ್ ಬಂತು. ದಿನಾ ಬರ್ತಿತ್ತು" ಅಂದಳು. ನೋಟ್‌ಬುಕ್‌ನ ಮೊದಲ ಪುಟದಲ್ಲಿ "ಕೀವ್, ಮೂರು ದಿನ" ಅಂತ ಬರೆದ ಸಾಲಿನ ಎದುರು ಅವಳ ಆ ಮಾತನ್ನು ಹಾಗೇ ಬರೆದಿಟ್ಟಿದ್ದೇನೆ. ಗಡಿ ದಾಟಿ ಅಷ್ಟು ಟ್ಯಾಂಕ್ ಒಳಗೆ ಬಂದಿದ್ದರೂ ರೈಲು ಓಡಿಸುತ್ತಿದ್ದ ದೇಶ ಅದು. ಫೆಬ್ರವರಿ 24ರ ಸಂಜೆ ನನ್ನ ಹಿಂದಿದ್ದ ಮ್ಯಾಪ್‌ನಲ್ಲಿ ರೈಲು ದಾರಿಗಳನ್ನು ಹಾಕಿರಲಿಲ್ಲ. ಈಗ ಯಾವ ಸ್ಟುಡಿಯೋಗೆ ಹೋದರೂ ಕಾರ್ಯಕ್ರಮಕ್ಕೆ ಮುಂಚೆ ಗ್ರಾಫಿಕ್ಸ್ ಮಾಡುವ ಹುಡುಗರ ಹತ್ತಿರ ಹೋಗಿ, ಬಾಣ ಆಮೇಲೆ ಹಾಕಿ, ಮೊದಲು ರೈಲು ದಾರಿ ಮತ್ತು ಸೇತುವೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.